ಜನ ಓಡಾಡದ ಕಾಡುದಾರಿಯಲ್ಲಿ ಬೆಟ್ಟ ಹತ್ತಿ ಇಳಿಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹೆಸರುವಾಸಿ ಬೆಟ್ಟ ಹತ್ತುವುದಕ್ಕೆ ಯಾರ ಮಾರ್ಗದರ್ಶನವೂ ಬೇಕಾಗಿಲ್ಲ. ಮುಂದೆ ಹೋಗುವವರ ಬೆನ್ನು ನೋಡಿಕೊಂಡು ನಡೆದರೆ ತುದಿ ಬಂದೇ ಬರುತ್ತದೆ. ಇಲ್ಲಿ ಹೇಳುತ್ತಿರುವುದು ಬೇರೆ ಥರದ ಬೆಟ್ಟದ ಮಾತು. ಬೋರ್ಡ್ ಇಲ್ಲ, ಬಾಣದ ಗುರುತಿಲ್ಲ, ದಿನವಿಡೀ ನಡೆದರೂ ಇನ್ನೊಂದು ಮನುಷ್ಯನ ಮುಖ ಕಾಣುವುದು ಅನುಮಾನ, ಕಾಡಿನೊಳಗೆ ಒಂದು ಸಣ್ಣ ಕಾಲುದಾರಿ ಮಾತ್ರ ಕಂಡೂ ಕಾಣದ ಹಾಗೆ ಮೇಲಕ್ಕೆ ಹೋಗಿರುತ್ತದೆ.

ಇಂಥ ದಾರಿಯಲ್ಲಿ ಹತ್ತುವಾಗ ತಪ್ಪುವುದು ಕಷ್ಟ, ಇಳಿಯುವಾಗ ತಪ್ಪುವುದು ಸುಲಭ. ಕಾರಣ ಬೆಟ್ಟದ ಆಕಾರದಲ್ಲೇ ಇದೆ. ಬೆಟ್ಟದ ಏಣುಗಳು, ಅಂದರೆ ತುದಿಯಿಂದ ಕೆಳಕ್ಕೆ ಚಾಚಿದ ಉದ್ದನೆಯ ದಿಣ್ಣೆಸಾಲುಗಳು, ಮೇಲೆ ಹೋದಂತೆಲ್ಲ ಒಂದಕ್ಕೊಂದು ಸೇರಿಕೊಳ್ಳುತ್ತವೆ, ಹಾಗಾಗಿ ಯಾವ ಏಣು ಹಿಡಿದು ಹತ್ತಿದರೂ ಹೆಚ್ಚುಕಮ್ಮಿ ತುದಿಯ ಕಡೆಗೇ ಹೋಗುತ್ತೀರಿ. ಇಳಿಯುವಾಗ ಅದೇ ಏಣು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಒಂದು ಕವಲು ತಪ್ಪಿದರೆ ಸಾಕು, ಕೆಳಗೆ ಬಂದು ನಿಲ್ಲುವುದು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ. ಅದಕ್ಕೇ ಈ ಹಂತಗಳಲ್ಲಿ ಹತ್ತುವುದಕ್ಕಿಂತ ಇಳಿದು ಬರುವುದರ ತಯಾರಿಯೇ ಜಾಸ್ತಿ ಇದೆ.

ಹಂತ 1: ದಾರಿ ಇದೆಯಾ, ಹೋಗಬಹುದಾ?

ಮೊದಲು ಎರಡನೇ ಪ್ರಶ್ನೆಗೆ ಉತ್ತರ ಹುಡುಕಿ. ಆ ಕಾಡು ಯಾರದ್ದು? ಸಂರಕ್ಷಿತ ಅರಣ್ಯವಾ, ಖಾಸಗಿ ಜಮೀನಾ, ಅನುಮತಿ ಬೇಕಾ, ಕಾಡ್ಗಿಚ್ಚಿನ ಕಾಲದಲ್ಲೋ ಪ್ರಾಣಿಗಳು ಮರಿ ಹಾಕುವ ಕಾಲದಲ್ಲೋ ದಾರಿ ಮುಚ್ಚುತ್ತಾರಾ? ಜನ ಹೋಗುವುದಿಲ್ಲ ಅಂದರೆ ಕೆಲವೊಮ್ಮೆ ಹೋಗಬಾರದು ಅಂತಲೇ ಅರ್ಥ. ಕಾಡಿನ ಉಸ್ತುವಾರಿ ಯಾರದೋ ಅವರ ಕಚೇರಿಗೆ ಒಂದು ಫೋನ್ ಮಾಡಿದರೆ ಅನುಮತಿಯ ವಿಷಯದ ಜೊತೆಗೆ ಸೇತುವೆ ಕೊಚ್ಚಿಹೋಗಿದೆ, ಮೇಲೆ ಮರ ಬಿದ್ದಿದೆ ಅನ್ನುವಂಥ ಸುದ್ದಿಯೂ ಸಿಗುತ್ತದೆ.

ಇನ್ನು ದಾರಿಯ ವಿಷಯ. ದಟ್ಟ ಕಾಡಾದರೆ ಉಪಗ್ರಹ ಚಿತ್ರದಲ್ಲಿ ಏನೂ ಕಾಣುವುದಿಲ್ಲ, ಬರೀ ಹಸಿರು. ಜನರೇ ಸೇರಿ ಮಾಡಿರುವ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನೋಡಿ, ಕಾಲುದಾರಿಗಳನ್ನು ಚುಕ್ಕಿ ಗೆರೆಯಲ್ಲಿ ತೋರಿಸಿರುತ್ತಾರೆ. ಓಸ್ಮ್‌ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಥರದ ಆ್ಯಪ್‌ಗಳು ಇದೇ ನಕ್ಷೆಯನ್ನು ಬಳಸುತ್ತವೆ, ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ತೆರೆದುಕೊಳ್ಳುತ್ತವೆ. ಹಿಂದೆ ಹೋದವರ ಜಿಪಿಎಕ್ಸ್ ಫೈಲ್ (ಅವರು ನಡೆದ ದಾರಿಯ ಜಿಪಿಎಸ್ ದಾಖಲೆ) ಸಿಕ್ಕರೆ ಒಳ್ಳೆಯದೇ, ಆದರೆ ಅದರ ತಾರೀಖು ನೋಡಿ. ಯಾವುದೋ ವರ್ಷ ಬೇಸಿಗೆಯಲ್ಲಿ ನಡೆದ ದಾರಿ ಈಗ ಮಳೆ ಮುಗಿದ ಮೇಲೆ ಎದೆಮಟ್ಟದ ಹುಲ್ಲಿನೊಳಗೆ ಮುಳುಗಿರಬಹುದು.

ಕೊನೆಗೆ ಬೆಟ್ಟದ ಬುಡದಲ್ಲಿ ವಾಸ ಮಾಡುವವರನ್ನು ಕೇಳಿ. ಕೇಳುವ ರೀತಿ ಮುಖ್ಯ. 'ಈ ದಾರಿ ಮೇಲಕ್ಕೆ ಹೋಗುತ್ತದಾ?' ಅಂದರೆ ಹೌದು ಅಂದುಬಿಡುತ್ತಾರೆ. 'ನೀವು ಕೊನೆಯ ಸಲ ಹೋಗಿದ್ದು ಯಾವಾಗ? ದಾರಿ ಎಲ್ಲಿ ಕವಲಾಗುತ್ತದೆ? ಮೇಲೆ ನೀರು ಎಲ್ಲಿಯವರೆಗೆ ಸಿಗುತ್ತದೆ?' ಅಂತ ಕೇಳಿ ನೋಡಿ, ಆಗ ನಿಜವಾದ ಮಾಹಿತಿ ಹೊರಗೆ ಬರುತ್ತದೆ.

ಹಂತ 2: ನಕ್ಷೆಯಲ್ಲೇ ಒಂದು ಸಲ ಹತ್ತಿ ಇಳಿಯಿರಿ

ಕಾಂಟೂರ್ ಗೆರೆ ಇರುವ ನಕ್ಷೆ ತೆಗೆದುಕೊಳ್ಳಿ. ಒಂದು ಗೆರೆಯ ಮೇಲಿರುವ ಎಲ್ಲ ಜಾಗವೂ ಒಂದೇ ಎತ್ತರದಲ್ಲಿರುತ್ತದೆ, ಅಷ್ಟೇ ಸಂಗತಿ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಸಲೀಸು. 1:50,000 ಅಳತೆಯ ನಕ್ಷೆಯಲ್ಲಿ 1 ಸೆಂ.ಮೀ. ಅಂದರೆ ನೆಲದ ಮೇಲೆ 500 ಮೀಟರ್. ಗೆರೆಗಳ ನಡುವಿನ ಅಂತರ 20 ಮೀಟರ್ ಅಂತ ಬರೆದಿದ್ದು, ಆ 1 ಸೆಂ.ಮೀ.ನಲ್ಲಿ ನಿಮ್ಮ ದಾರಿ ಐದು ಅಂತರ ದಾಟಿದರೆ, 500 ಮೀಟರ್ ನಡೆಯುವಷ್ಟರಲ್ಲಿ 100 ಮೀಟರ್ ಏರುತ್ತೀರಿ ಅಂತಾಯಿತು. ಏದುಸಿರು ಬರಿಸುವ ಏರು ಅದು.

ಏಣು ಯಾವುದು, ಕಣಿವೆ ಯಾವುದು ಅಂತ ಗುರುತಿಸುವುದನ್ನು ಇಲ್ಲೇ ಕಲಿತುಬಿಡಿ. ಗೆರೆಗಳ ಮೊನೆ ಎತ್ತರದ ಕಡೆಗೆ ಚಾಚಿದ್ದರೆ ಅದು ಕಣಿವೆ, ಹಳ್ಳ ಹರಿಯುವ ಜಾಗ. ಮೊನೆ ತಗ್ಗಿನ ಕಡೆಗೆ ಚಾಚಿದ್ದರೆ ಏಣು. ತುದಿಯಿಂದ ಕೆಳಗೆ ಎಷ್ಟು ಏಣುಗಳು ಇಳಿಯುತ್ತವೆ ಎಣಿಸಿ, ನಿಮ್ಮದು ಯಾವುದು, ಅದರ ಪಕ್ಕದ್ದು ಯಾವ ದಿಕ್ಕಿಗೆ ಹೋಗುತ್ತದೆ ನೋಡಿಡಿ. ತಪ್ಪಿದರೆ ನೀವು ಇಳಿಯುವುದು ಬಹುಶಃ ಆ ಪಕ್ಕದ್ದರಲ್ಲೇ.

ಹಾಗೇ ಒಂದು 'ತಡೆಗೆರೆ'ಯನ್ನೂ ಹುಡುಕಿಕೊಳ್ಳಿ. ಉತ್ತರಕ್ಕೆ ಎಷ್ಟೇ ದಾರಿ ತಪ್ಪಿದರೂ ಹೊಳೆ ಅಡ್ಡ ಬರುತ್ತದೆ, ಪೂರ್ವಕ್ಕೆ ಹೋದರೆ ರಸ್ತೆ ಸಿಗುತ್ತದೆ, ಈ ಥರ. ಇದು ತಲೆಯಲ್ಲಿದ್ದರೆ ದಾರಿ ತಪ್ಪಿದರೂ ನೀವು ಸುಮ್ನೆ ಅಲೆಯುವುದಿಲ್ಲ.

ಹಂತ 3: ಸಮಯದ ಲೆಕ್ಕ

1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸರಳ ಲೆಕ್ಕ ಕೊಟ್ಟರು, ಇವತ್ತಿಗೂ ಅದು ನಡೆಯುತ್ತದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ತುದಿ 6 ಕಿ.ಮೀ. ದೂರ, 600 ಮೀಟರ್ ಏರು ಅಂದುಕೊಳ್ಳಿ. ಲೆಕ್ಕದ ಪ್ರಕಾರ 2 ಗಂಟೆ 12 ನಿಮಿಷ.

ಆದರೆ ಇದು ಗಟ್ಟಿಮುಟ್ಟಾದವರು ನಿಲ್ಲದೆ, ಸ್ಪಷ್ಟವಾದ ದಾರಿಯಲ್ಲಿ ನಡೆದಾಗಿನ ಮಾತು. ಕಾಡಿನ ಸವೆಯದ ದಾರಿಯಲ್ಲಿ ನಾನು ಇದಕ್ಕೆ ಅರ್ಧಪಾಲು ಸೇರಿಸುತ್ತೇನೆ, ಅಂದರೆ ಸುಮಾರು ಮೂರೂಕಾಲು ಗಂಟೆ. ಇಳಿಯುವುದು ಬೇಗ ಆಗುತ್ತದೆ ಅನ್ನುವ ನಂಬಿಕೆ ಬೇಡ. ಉದುರಿದ ಎಲೆ, ಸಡಿಲ ಕಲ್ಲು, ದಣಿದ ಮಂಡಿ ಎಲ್ಲ ಸೇರಿದರೆ ಇಳಿಯುವುದಕ್ಕೂ ಎರಡೂವರೆ ಮೂರು ಗಂಟೆ ಇಟ್ಟುಕೊಳ್ಳಿ.

ಈಗ ಸಂಜೆಯಿಂದ ಹಿಂದಕ್ಕೆ ಎಣಿಸಿ. ಸೂರ್ಯ ಮುಳುಗುವುದು 6 ಗಂಟೆಗೆ ಅಂದರೆ ಮರಗಳ ಅಡಿಯಲ್ಲಿ 5:30ಕ್ಕೇ ಮಬ್ಬು. ಅದಕ್ಕೂ ಒಂದು ಗಂಟೆ ಮೊದಲು, 4:30ಕ್ಕೆ ಕೆಳಗಿರಬೇಕು. ಇಳಿಯಲು 3 ಗಂಟೆ. ಅಲ್ಲಿಗೆ 1:30 ನಿಮ್ಮ ವಾಪಸ್ ಹೊರಡುವ ಗಡುವು. ತುದಿ ಮುಟ್ಟಿರಲಿ ಬಿಡಲಿ, ಆ ಹೊತ್ತಿಗೆ ತಿರುಗಬೇಕು. ಇದನ್ನು ಮನೆಯಲ್ಲಿ ಕೂತು ತೀರ್ಮಾನಿಸಿ ಜೊತೆಗಾರರಿಗೆಲ್ಲ ಹೇಳಿಬಿಡಿ. ತುದಿ ಎದುರಿಗೇ ಕಾಣುತ್ತಿರುವಾಗ ಅಲ್ಲಿ ನಿಂತು ಯಾರೂ ಸರಿಯಾದ ತೀರ್ಮಾನ ಮಾಡುವುದಿಲ್ಲ.

ಹಂತ 4: ಚೀಲಕ್ಕೆ ಏನು, ಕಾಲಿಗೆ ಏನು

ಕಾಲಿನಿಂದ ಶುರು ಮಾಡೋಣ. ಹೊಸ ಶೂ ಬೇಡ, ಪಳಗಿದ ಶೂ ಇರಲಿ, ಅಡಿಯಲ್ಲಿ ಹಲ್ಲು ಸವೆದಿರಬಾರದು. ಹತ್ತಿ ಸಾಕ್ಸ್ ಒದ್ದೆಯಾದರೆ ಒಣಗುವುದಿಲ್ಲ, ಚರ್ಮಕ್ಕೆ ಉಜ್ಜಿ ಬೊಕ್ಕೆ ಏಳಿಸುತ್ತದೆ. ಉಣ್ಣೆಯದ್ದೋ ಸಿಂಥೆಟಿಕ್ಕೋ ಹಾಕಿ, ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಹಿಂದಿನ ದಿನ ಕಾಲ್ಬೆರಳ ಉಗುರು ಕತ್ತರಿಸಿ. ಇಳಿಯುವಾಗ ಉಗುರು ಶೂಗೆ ಗುದ್ದಿ ಗುದ್ದಿ ಕಪ್ಪಾಗುವುದು ಈ ಸಣ್ಣ ಕೆಲಸ ಬಿಟ್ಟಿದ್ದಕ್ಕೇ.

ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕದಲ್ಲಿ ಹಿಡಿಯಿರಿ, ಬಿಸಿಲು ಜಾಸ್ತಿ ಇದ್ದರೆ ಇನ್ನೂ ಬೇಕು. ಆರು ಗಂಟೆಯ ನಡಿಗೆಗೆ ಮೂರು ಲೀಟರ್, ಮೂರು ಕೆ.ಜಿ. ಭಾರ. ದಾರಿಯ ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಸೋಸದೆ ಅಥವಾ ಕುದಿಸದೆ ಕುಡಿಯಬೇಡಿ. ತಿನ್ನುವುದಕ್ಕೆ ಒಂದಿಷ್ಟು ಉಪ್ಪಿನ ತಿಂಡಿಯೂ ಇರಲಿ, ಗಂಟೆಗಟ್ಟಲೆ ಬೆವರು ಹರಿಸಿ ಬರೀ ನೀರು ಕುಡಿದರೆ ಮೈಯಲ್ಲಿ ಉಪ್ಪಿನಂಶ ಇಳಿಯುತ್ತದೆ.

ಉಳಿದದ್ದು: ತಲೆಗೆ ಕಟ್ಟುವ ಟಾರ್ಚ್ (ಮಧ್ಯಾಹ್ನವೇ ವಾಪಸ್ ಬರುವ ಯೋಜನೆ ಇದ್ದರೂ), ಸೀಟಿ, ದಿಕ್ಸೂಚಿ, ಪೇಪರ್ ನಕ್ಷೆ ಅಥವಾ ಅದರ ಪ್ರಿಂಟ್, ಪವರ್‌ಬ್ಯಾಂಕ್, ಮಳೆಯಂಗಿ, ಒಂದು ಬೆಚ್ಚನೆ ಅಂಗಿ, ಗಾಯಕ್ಕೆ ಬ್ಯಾಂಡೇಜು ಮತ್ತು ಅಂಟುಪಟ್ಟಿ, ಕಸಕ್ಕೆ ಒಂದು ಚೀಲ. ಬೆಚ್ಚನೆ ಅಂಗಿ ಯಾಕೆ ಅಂದರೆ, 1000 ಮೀಟರ್ ಮೇಲೇರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ, ಬೆವರಿನಿಂದ ಒದ್ದೆಯಾದ ಮೈಗೆ ತುದಿಯ ಗಾಳಿ ಬೀಸಿದರೆ ಇನ್ನೂ ಜಾಸ್ತಿ ಚಳಿ.

ಫೋನಿನ ಜಿಪಿಎಸ್ ಬಗ್ಗೆ ಒಂದು ಮಾತು. ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ, ಉಪಗ್ರಹದಿಂದ ನೇರವಾಗಿ ಸಿಗ್ನಲ್ ಬರುತ್ತದೆ. ಆದರೆ ಟವರ್ ಇಲ್ಲದ ಕಡೆ ಫೋನು ಟವರ್ ಹುಡುಕುತ್ತಲೇ ಬ್ಯಾಟರಿ ತಿಂದುಹಾಕುತ್ತದೆ, ಆದ್ದರಿಂದ ಏರ್‌ಪ್ಲೇನ್ ಮೋಡ್‌ನಲ್ಲಿಡಿ, ಬಹುತೇಕ ಫೋನ್‌ಗಳಲ್ಲಿ ಆಗಲೂ ಜಿಪಿಎಸ್ ನಡೆಯುತ್ತದೆ. ನಿಮ್ಮದರಲ್ಲಿ ನಡೆಯುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಬಯಲಲ್ಲಿ ಚೆನ್ನಾಗಿ ಜಾಗ ತೋರಿಸುವ ಫೋನು ದಟ್ಟ ಮರಗಳ ಕೆಳಗೆ, ಆಳದ ಕಣಿವೆಯಲ್ಲಿ ಎಡವುತ್ತದೆ. ಹಾಗಾಗಿ ಪರದೆಯ ಚುಕ್ಕಿ ದಾರಿಯಿಂದ ಸ್ವಲ್ಪ ಆಚೆ ಕಂಡ ಮಾತ್ರಕ್ಕೆ ಪೊದೆಗೆ ನುಗ್ಗಬೇಡಿ, ಕಾಲಡಿಯ ದಾರಿ ನೋಡಿ.

ಹಂತ 5: ಒಬ್ಬರಿಗೆ ಹೇಳಿ ಹೊರಡಿ

ಎಲ್ಲಿಂದ ಹತ್ತುತ್ತೀರಿ, ಯಾವ ಏಣು, ಎಷ್ಟು ಜನ, ಎಷ್ಟು ಹೊತ್ತಿಗೆ ಕೆಳಗೆ ಬಂದು ಫೋನ್ ಮಾಡುತ್ತೀರಿ. ಇದನ್ನು ಬರೆದು ಒಬ್ಬರಿಗೆ ಕಳಿಸಿ. ಇಂತಿಷ್ಟು ಹೊತ್ತಾದರೂ ಫೋನ್ ಬರದಿದ್ದರೆ ಯಾರನ್ನು ಸಂಪರ್ಕಿಸಬೇಕು ಅನ್ನುವುದನ್ನೂ ಸೇರಿಸಿ, ಇಲ್ಲದಿದ್ದರೆ ಆ ಪಾಪದವರು 'ಇನ್ನೇನು ಬರಬಹುದು' ಅಂತ ರಾತ್ರಿಯೆಲ್ಲ ಕಾಯುತ್ತಾ ಕೂರುತ್ತಾರೆ. ಮೂರು ನಾಲ್ಕು ಜನರ ಗುಂಪು ಒಳ್ಳೆಯದು: ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿದ್ದು ಉಳಿದವರು ಸಹಾಯಕ್ಕೆ ಹೋಗಬಹುದು. ಗುರುತಿಲ್ಲದ ದಾರಿಯಲ್ಲಿ ಮೊದಲ ಸಲವೇ ಒಬ್ಬರೇ ಹೋಗುವುದು ನನ್ನ ಪ್ರಕಾರ ಸಾಹಸವಲ್ಲ, ಹುಂಬತನ.

ಹಂತ 6: ದಾರಿ ಓದುವುದು

ಈ ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಎಲೆ ಮುಚ್ಚಿದ ಕಾಡಿನ ನೆಲದಲ್ಲಿ ದಾರಿ ಕಾಣುವುದಿಲ್ಲ ಅಂತ ಮೊದಲಿಗೆ ಅನಿಸುತ್ತದೆ. ಕಾಲ ಹತ್ತಿರ ನೋಡಿದರೆ ನಿಜವಾಗಿಯೂ ಕಾಣುವುದಿಲ್ಲ. ತಲೆ ಎತ್ತಿ ಹತ್ತು ಹದಿನೈದು ಹೆಜ್ಜೆ ಮುಂದಕ್ಕೆ ನೋಡಿ, ಪೊದೆಗಳ ನಡುವೆ ಒಂದು ತೆಳು ಬಿಡುವು ಸಾಲಾಗಿ ಹೋಗಿರುವುದು ಗೊತ್ತಾಗುತ್ತದೆ.

ಅನುಮಾನ ಬಂದರೆ ಬಗ್ಗಿ ಎಲೆ ಸರಿಸಿ. ಜನ ನಡೆದ ಕಡೆ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ, ಬೆರಳು ಒತ್ತಿದರೆ ಇಳಿಯುವುದಿಲ್ಲ. ಎರಡು ಅಡಿ ಪಕ್ಕಕ್ಕೆ ಹೋಗಿ ಒತ್ತಿ, ಅಲ್ಲಿ ಬೆರಳು ಸಲೀಸಾಗಿ ಒಳಗೆ ಹೋಗುತ್ತದೆ. ದಾರಿಗೆ ಅಡ್ಡ ಬಂದ ಬೇರಿನ ಮೇಲ್ಭಾಗ ನೋಡಿ, ಕಾಲುಗಳ ಉಜ್ಜಾಟಕ್ಕೆ ತೊಗಟೆ ಹೋಗಿ ನಯವಾಗಿ ಹೊಳೆಯುತ್ತಿರುತ್ತದೆ. ಬಿದ್ದ ಮರದ ನಡುವೆ ಕತ್ತಿಯಲ್ಲೋ ಗರಗಸದಲ್ಲೋ ಕೊಯ್ದ ಗುರುತಿದ್ದರೆ ಇನ್ನೇನು ಬೇಕು, ಅದು ಮನುಷ್ಯರ ದಾರಿ.

ಪ್ರಾಣಿಗಳ ಜಾಡು ಇದೇ ಥರ ಕಾಣುತ್ತದೆ, ಅಲ್ಲೇ ಮೋಸ ಹೋಗುವುದು. ವ್ಯತ್ಯಾಸ ನೆಲದಲ್ಲಿ ಹುಡುಕಬೇಡಿ, ಮೇಲೆ ಹುಡುಕಿ. ಮನುಷ್ಯರ ದಾರಿಯಲ್ಲಿ ತಲೆಯೆತ್ತರದವರೆಗೆ ಕೊಂಬೆ ಮುರಿದು ಜಾಗವಾಗಿರುತ್ತದೆ. ಸಣ್ಣ ಪ್ರಾಣಿಗಳ ಜಾಡು ಕೆಳಗೆ ಸ್ಪಷ್ಟವಾಗಿದ್ದರೂ ಸೊಂಟದ ಎತ್ತರದಲ್ಲೇ ಬಳ್ಳಿ, ಕೊಂಬೆ ಅಡ್ಡ ಬರುತ್ತದೆ. ನೀವು ಮತ್ತೆ ಮತ್ತೆ ಬಗ್ಗಿ ನುಸುಳುತ್ತಿದ್ದೀರಿ ಅಂದರೆ ಕಾಡುಹಂದಿಯ ದಾರಿಯಲ್ಲಿದ್ದೀರಿ ಅಂತ ತಿಳಿದುಕೊಂಡು ಹಿಂದಕ್ಕೆ ಬನ್ನಿ.

ಇನ್ನು ಬಹಳ ಮುಖ್ಯವಾದ ಅಭ್ಯಾಸ: ಹಿಂದೆ ತಿರುಗಿ ನೋಡುವುದು. ವಾಪಸ್ ಬರುವಾಗ ನೀವು ನೋಡುವ ದಾರಿ ಹತ್ತುವಾಗ ನೋಡಿದ ದಾರಿಯಲ್ಲ, ಅದೇ ಮರದ ಇನ್ನೊಂದು ಮುಖ. ಪ್ರತಿ ಕವಲಿನಲ್ಲೂ ದಾಟಿ ಹತ್ತು ಹೆಜ್ಜೆ ಮೇಲೆ ಹೋಗಿ, ತಿರುಗಿ ನಿಂತು, ಇಳಿಯುವವರ ಕಣ್ಣಿನಿಂದ ಫೋಟೋ ತೆಗೆಯಿರಿ. ನಕ್ಷೆಯ ಆ್ಯಪ್‌ನಲ್ಲಿ ಅಲ್ಲೊಂದು ಗುರುತೂ ಇಡಿ. ಗಮನಿಸಿ, ಹತ್ತುವಾಗ ನಿಮಗೆ ಕವಲೇ ಅನಿಸದ ಜಾಗಗಳೂ ಇರುತ್ತವೆ. ಪಕ್ಕದಿಂದ ಇನ್ನೊಂದು ದಾರಿ ಹಿಂಬದಿಯಿಂದ ಬಂದು ನಿಮ್ಮ ದಾರಿಗೆ ಸೇರಿಕೊಂಡಿರುತ್ತದೆ, ಮುಂದೆ ನೋಡಿಕೊಂಡು ಹೋಗುವವರಿಗೆ ಅದು ಕಾಣುವುದೇ ಇಲ್ಲ. ಇಳಿಯುವಾಗ ಅದೇ ದೊಡ್ಡ ಕವಲು.

ಮರಕ್ಕೆ ಬಣ್ಣ ಬಳಿಯುವುದು, ಪ್ಲಾಸ್ಟಿಕ್ ಪಟ್ಟಿ ಕಟ್ಟುವುದು, ತೊಗಟೆ ಕೆತ್ತುವುದು ಬೇಡ. ಕಲ್ಲು ಪೇರಿಸಿ ಗುರುತು ಇಟ್ಟರೂ ಮುಂದೆ ಬರುವವರಿಗೆ ಅದು ನಿಮ್ಮ ಊಟದ ಜಾಗವೋ ದಾರಿಯೋ ಗೊತ್ತಾಗುವುದಿಲ್ಲ.

ಹಂತ 7: ಹತ್ತುವ ಲಯ, ಕಾಡಿನ ಜೀವಿಗಳು

ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಇರಲಿ. ಮಾತು ನಿಂತು ಬರೀ ಉಸಿರು ಕೇಳಿಸುತ್ತಿದ್ದರೆ ನಿಧಾನ ಮಾಡಿ. ಗುಂಪಿನಲ್ಲಿ ನಿಧಾನ ನಡೆಯುವವರನ್ನು ಮುಂದೆ ಬಿಡಿ, ಆಗ ಗುಂಪು ಒಡೆಯುವುದಿಲ್ಲ. ಹಿಮ್ಮಡಿಯಲ್ಲಿ ಬಿಸಿ ಉಜ್ಜಿದ ಹಾಗಾದರೆ ತುದಿಯವರೆಗೆ ಕಾಯಬೇಡಿ, ಅಲ್ಲೇ ಶೂ ಬಿಚ್ಚಿ ಅಂಟುಪಟ್ಟಿ ಹಾಕಿ. ಬೊಕ್ಕೆ ಎದ್ದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ.

ಕಿವಿಗೆ ಇಯರ್‌ಫೋನ್ ಬೇಡ. ತಿರುವುಗಳಲ್ಲಿ, ದಟ್ಟ ಪೊದೆಯ ಹತ್ತಿರ ಸ್ವಲ್ಪ ಮಾತಾಡಿಕೊಂಡು ಹೋಗಿ, ದೊಡ್ಡ ಪ್ರಾಣಿಗಳಿಗೆ ನಿಮ್ಮ ಬರವು ಮೊದಲೇ ಗೊತ್ತಾದರೆ ಅವೇ ಸರಿದುಕೊಳ್ಳುತ್ತವೆ. ಹಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡರೆ ನಿಂತು ಆಲಿಸಿ. ಪ್ರಾಣಿ ಎದುರಾದರೆ ಓಡಬೇಡಿ, ಅದಕ್ಕೆ ದಾರಿ ಬಿಟ್ಟು ನಿಧಾನಕ್ಕೆ ಹಿಂದೆ ಸರಿಯಿರಿ.

ಒದ್ದೆ ಕಾಡಿನಲ್ಲಿ ಇಂಬಳ (ಜಿಗಣೆ) ಹತ್ತಿದರೆ ಗಾಬರಿ ಬೇಡ, ಉಗುರನ್ನು ಚರ್ಮಕ್ಕೆ ಒತ್ತಿ ಜಾರಿಸಿ ಅದರ ಬಾಯಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಅಷ್ಟೇ. ಉಣ್ಣಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅದು ರೋಗ ತರಬಲ್ಲದು. ಚಿಮುಟದಲ್ಲಿ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಸುಡುವುದು, ಎಣ್ಣೆ ಹಚ್ಚುವುದು ಏನೂ ಬೇಡ. ಹಾವು ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ವಾಚು ಬಿಚ್ಚಿ, ಕಚ್ಚಿಸಿಕೊಂಡವರನ್ನು ಆದಷ್ಟು ಅಲುಗಾಡಿಸದೆ ಬೇಗ ಆಸ್ಪತ್ರೆಗೆ ಸಾಗಿಸುವುದೊಂದೇ ದಾರಿ.

ಹಂತ 8: ತುದಿಯಲ್ಲಿ ಮೊದಲ ಎರಡು ನಿಮಿಷ

ತುದಿ ಮುಟ್ಟಿದೆವು ಅಂತ ಕುಣಿಯುವ ಮೊದಲು ನೋಡಿ, ಅದು ನಿಜವಾಗಿ ತುದಿಯಾ? ಕೆಳಗಿನಿಂದ ತುದಿಯಂತೆ ಕಂಡದ್ದು ಎಷ್ಟೋ ಸಲ ನಡುವಿನ ದಿಣ್ಣೆಯಾಗಿರುತ್ತದೆ.

ನಿಜವಾದ ತುದಿಗೆ ಕಾಲಿಟ್ಟ ಕೂಡಲೇ, ಚೀಲ ಇಳಿಸುವ ಮೊದಲೇ, ಬಂದ ದಾರಿಗೆ ತಿರುಗಿ ನಿಲ್ಲಿ. ಫೋಟೋ ತೆಗೆಯಿರಿ, ಗುರುತು ಇಡಿ, ದಿಕ್ಸೂಚಿಯಲ್ಲಿ ಆ ದಾರಿ ಯಾವ ದಿಕ್ಕಿಗೆ ಇಳಿಯುತ್ತದೆ ನೋಡಿ ಬರೆದುಕೊಳ್ಳಿ. ಯಾಕಿಷ್ಟು ಅವಸರ ಅಂದರೆ, ಆಮೇಲೆ ನೀವು ಅತ್ತಿತ್ತ ಓಡಾಡುತ್ತೀರಿ, ನಾಲ್ಕೂ ಕಡೆ ನೋಟ ನೋಡುತ್ತೀರಿ, ಅರ್ಧ ಗಂಟೆಯಲ್ಲಿ ಮಂಜು ಮುಸುಕಿದರೆ ನೀವು ಎಲ್ಲಿಂದ ಮೇಲೆ ಬಂದಿರಿ ಅನ್ನುವುದೇ ಮರೆತುಹೋಗುತ್ತದೆ, ತುದಿಯಲ್ಲಂತೂ ಎಲ್ಲ ದಿಕ್ಕೂ ಇಳಿಜಾರೇ ಅಲ್ವಾ.

ಮೋಡ ಕಟ್ಟುತ್ತಿದ್ದರೆ ಊಟ ಕೆಳಗೆ ಮಾಡಿದರಾಯಿತು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಸದ್ದು ಒಂದು ಕಿ.ಮೀ. ಬರಲು ಸುಮಾರು 3 ಸೆಕೆಂಡು ಬೇಕು. 30 ಸೆಕೆಂಡಿನೊಳಗೆ ಕೇಳಿಸಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ, ತುದಿ ಮತ್ತು ಬೋಳು ಏಣು ಬಿಟ್ಟು ಕೂಡಲೇ ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ಒಬ್ಬರಿಗೊಬ್ಬರು ದೂರವಿರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಮುಂದಿನ ಮಾತು.

ಹಂತ 9: ಇಳಿಯುವುದು

ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿ, ಪಾದ ಮುಂದಕ್ಕೆ ಜಾರದ ಹಾಗೆ ಕಣಕಾಲಿನ ಹತ್ತಿರ ಬಿಗಿಯಾಗಿರಲಿ. ಸಣ್ಣ ಸಣ್ಣ ಹೆಜ್ಜೆ, ಮಂಡಿ ಸ್ವಲ್ಪ ಮಡಚಿರಲಿ. ಉದ್ದ ಹೊಂದಿಸಬಹುದಾದ ಊರುಗೋಲು ಇದ್ದರೆ ಹತ್ತುವಾಗಿಗಿಂತ ಸ್ವಲ್ಪ ಉದ್ದ ಮಾಡಿಕೊಳ್ಳಿ. ಒಣ ಎಲೆಯ ಅಡಿ ಉರುಟು ಕಲ್ಲು ಇರುತ್ತದೆ, ಇಡೀ ಭಾರ ಹಾಕುವ ಮೊದಲು ಕಾಲು ಊರಿ ನೋಡಿ.

ಪ್ರತಿ ಕವಲಿನಲ್ಲೂ ನಿಂತು ಫೋಟೋ ತೆರೆದು ಹೋಲಿಸಿ. 'ಇದೇ ಇರಬೇಕು' ಅನ್ನುವ ಮಾತು ಬಾಯಿಗೆ ಬಂತು ಅಂದರೆ ಖಾತ್ರಿ ಇಲ್ಲ ಅಂತ ಅರ್ಥ. ಹತ್ತುವಾಗ ದಾಟದ ಹಳ್ಳ ಅಡ್ಡ ಬಂದರೆ, ನೋಡಿರದ ಬಂಡೆ ಎದುರಾದರೆ, ಅಲ್ಲಿಗೇ ನಿಲ್ಲಿ.

ಹಂತ 10: ದಾರಿ ತಪ್ಪಿದರೆ

ಕೂತುಕೊಳ್ಳಿ. ನಿಜವಾಗಿಯೂ ಕೂತು ನೀರು ಕುಡಿಯಿರಿ. ಗಾಬರಿಯಲ್ಲಿ ಕಾಲು ತಾನಾಗಿಯೇ ವೇಗ ಹೆಚ್ಚಿಸುತ್ತದೆ, ಅದೂ ಇಳಿಜಾರಿನ ಕಡೆಗೇ. ಕೊನೆಯದಾಗಿ ಖಾತ್ರಿ ಇದ್ದ ಜಾಗ ಯಾವುದು, ಅಲ್ಲಿಂದ ಎಷ್ಟು ಹೊತ್ತಾಯಿತು ಯೋಚಿಸಿ. ಬಂದ ಹೆಜ್ಜೆಯಲ್ಲೇ ಅಲ್ಲಿಗೆ ಹತ್ತಿ ಹೋಗುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಮತ್ತೆ ಹತ್ತಬೇಕಾ ಅಂತ ಮನಸ್ಸು ಬೇಸರ ಮಾಡಿಕೊಳ್ಳುತ್ತದೆ, ಅದರ ಮಾತು ಕೇಳಬೇಡಿ.

ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಅನ್ನುವ ಸಲಹೆ ತುಂಬ ಜನ ಕೊಡುತ್ತಾರೆ. ನಾನು ಕೊಡುವುದಿಲ್ಲ. ಬೆಟ್ಟದ ಹಳ್ಳ ಜಲಪಾತವಾಗಿ ಧುಮುಕುವ ಜಾಗ ಬರುತ್ತದೆ, ಪಾಚಿ ಕಟ್ಟಿದ ಬಂಡೆಯ ಮೇಲೆ ಮುಂದಕ್ಕೂ ಹೋಗಲಾಗದೆ ಹಿಂದಕ್ಕೂ ಬರಲಾಗದೆ ಸಿಕ್ಕಿಹಾಕಿಕೊಳ್ಳುತ್ತೀರಿ, ನೀರಿನ ಸದ್ದಿಗೆ ನಿಮ್ಮ ಕೂಗೂ ಕೇಳುವುದಿಲ್ಲ.

ಸೀಟಿ ತೆಗೆಯಿರಿ. ಆಲ್ಪ್ಸ್ ಪರ್ವತಗಳಲ್ಲಿ ರೂಢಿಯಲ್ಲಿರುವ ಸಂಕೇತ ಹೀಗೆ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರಿಸುತ್ತಾರೆ. ರಾತ್ರಿಯಾದರೆ ಟಾರ್ಚ್ ಬೆಳಕಲ್ಲಿ ಇದೇ ಲೆಕ್ಕ. ಫೋನಿನಲ್ಲಿ 112 ಹಲವು ದೇಶಗಳ ತುರ್ತು ಸಂಖ್ಯೆ, ಆದರೂ ನೀವು ಹೋಗುವ ಕಡೆ ಯಾವುದು ಅಂತ ಮೊದಲೇ ತಿಳಿದಿರಲಿ. ಕರೆ ಹೋಗದಷ್ಟು ಕಡಿಮೆ ಸಿಗ್ನಲ್ ಇದ್ದರೂ ಎಸ್‌ಎಂಎಸ್ ಹೋಗುವುದುಂಟು, ಅದರಲ್ಲಿ ನಿಮ್ಮ ಅಕ್ಷಾಂಶ ರೇಖಾಂಶದ ಅಂಕಿ ಬರೆದು ಕಳಿಸಿ. ಕತ್ತಲಾದರೆ ನಡೆಯಬೇಡಿ. ಗಾಳಿ ತಾಕದ ಕಡೆ, ನೆಲದ ತಣ್ಣನೆ ತಟ್ಟದ ಹಾಗೆ ಚೀಲದ ಮೇಲೆ ಕೂತು, ಇರುವ ಬಟ್ಟೆಯೆಲ್ಲ ಹಾಕಿಕೊಂಡು ಬೆಳಕಾಗುವವರೆಗೆ ಕಾಯಿರಿ.

ಹಂತ 11: ಕೆಳಗೆ ಬಂದ ಮೇಲೆ

ಮೊದಲು ಕಾಯುತ್ತಿರುವವರಿಗೆ ಫೋನ್ ಮಾಡಿ. ಇದನ್ನು ಮರೆತು ಮನೆಗೆ ಹೋಗಿ ಮಲಗಿದರೆ ಅತ್ತ ಹುಡುಕಾಟದ ತಂಡ ಹೊರಟಿರುತ್ತದೆ. ಮಂಡಿಯ ಹಿಂಭಾಗ, ಕಂಕುಳು, ಸೊಂಟಪಟ್ಟಿಯ ಸುತ್ತ, ಕಿವಿಯ ಹಿಂದೆ ಉಣ್ಣಿ ಇದೆಯಾ ನೋಡಿಕೊಳ್ಳಿ. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಕಸದ ಚೀಲದಲ್ಲಿ ಹಣ್ಣಿನ ಸಿಪ್ಪೆಯೂ ಇರಬೇಕು, ಕೊಳೆಯುತ್ತದಲ್ಲ ಅಂತ ಅದನ್ನು ಬಿಸಾಡಿ ಬಂದಿರಬಾರದು. ಮೇಲೆ ಶೌಚಕ್ಕೆ ಹೋಗಬೇಕಾಗಿ ಬಂದರೆ ನೀರಿನಿಂದ 60 ಮೀಟರ್ ಆಚೆ, 15 ಸೆಂ.ಮೀ. ಆಳದ ಗುಂಡಿ ತೋಡಿ ಮುಚ್ಚಬೇಕು ಅನ್ನುವುದನ್ನೂ ಇಲ್ಲೇ ಸೇರಿಸಿಬಿಡುತ್ತೇನೆ.

ನಿಮ್ಮ ಫೋನು ದಾಖಲಿಸಿದ ಜಾಡನ್ನು ಅದೇ ದಿನ ತಿದ್ದಿ ಉಳಿಸಿ. ದಾರಿ ತಪ್ಪಿ ಅಲೆದ ಭಾಗ ಅಳಿಸಿ, ಕವಲುಗಳಿಗೆ ಹೆಸರು ಕೊಡಿ, ನೀರು ಎಲ್ಲಿ ಸಿಕ್ಕಿತು, ಯಾವ ತಿಂಗಳಲ್ಲಿ ಸಿಕ್ಕಿತು ಬರೆಯಿರಿ. ಕೇಳಿದವರಿಗೆ ಕೊಡಿ. ಎಲ್ಲರಿಗೂ ಕಾಣುವ ಹಾಗೆ ಹಾಕುವ ಮೊದಲು ಮಾತ್ರ ಒಮ್ಮೆ ಯೋಚಿಸಿ: ಒಂದು ಅಡಿ ಅಗಲದ ದಾರಿ, ಹತ್ತು ಜನ ಕೂರಲಷ್ಟೇ ಜಾಗವಿರುವ ತುದಿ, ವಾರಕ್ಕೆ ನೂರು ಜನ ಬಂದರೆ ಅದು ತಡೆದುಕೊಳ್ಳುವುದಿಲ್ಲ ಅನಿಸಿದರೆ ಚಿತ್ರ ಹಾಕಿ, ಜಾಗದ ಗುರುತು ತೆಗೆದುಬಿಡಿ.